ಅತ್ತೆಯ ಬೀರು, ಅಳಿಯನ ಸಿಗ್ನಲ್

ಇನ್ನು ಮೇಲೆ ಮನೆಯಲ್ಲೇ ಕೂತು ಕರಡು ತಿದ್ದಿ ಎಂದು ಪ್ರಕಾಶಕರು ಹೇಳಿದಾಗ ಅಳಿಯನಿಗೆ ಖುಷಿಯೇ ಆಯಿತು. ಹಿಂದಿನ ಕೋಣೆಯಲ್ಲಿ ಮೇಜು ಹಾಕಿಕೊಂಡ, ಹಜಾರದಲ್ಲಿ ರೌಟರ್ ಕೂರಿಸಿದ. ಹಜಾರದಲ್ಲಿ ಸಿಗ್ನಲ್ ಧಾರಾಳ. ಹಿಂದಿನ ಕೋಣೆಯಲ್ಲಿ ಮಾತ್ರ ಎಣ್ಣೆ ತೀರಿದ ದೀಪದ ಹಾಗೆ ಒಂದೇ ಗೆರೆ ಹತ್ತುತ್ತಿತ್ತು, ಆರುತ್ತಿತ್ತು. ನಡುವೆ ಅತ್ತೆಯ ಕೋಣೆ. ಅದರಲ್ಲಿ ಗೋಡೆಯಗಲಕ್ಕೂ ನಿಂತ ಕಬ್ಬಿಣದ ಬೀರು.

"ಬೀರು ಪಕ್ಕದ ಗೋಡೆಗೆ ಹಾಕಿದ್ರೆ ಸಾಕು," ಎಂದ ಹೆಂಡತಿಗೆ.

ಅತ್ತೆ ಅಳಿಯ ನೇರವಾಗಿ ಮಾತಾಡುತ್ತಿರಲಿಲ್ಲ. ಜಗಳವೇನೂ ಅಲ್ಲ, ಮದುವೆಯಾದ ಹೊಸತರಲ್ಲಿ ಶುರುವಾಗದ ಮಾತು ಆಮೇಲೂ ಶುರುವಾಗಲಿಲ್ಲ, ಅಷ್ಟೆ.

"ಅವರಿಗೆ ಹೇಳು, ನಿಮ್ಮಪ್ಪ ಇಟ್ಟ ಜಾಗದಿಂದ ಅದು ಕದಲಲ್ಲ ಅಂತ," ಎಂದರು ಅತ್ತೆ. ಅಳಿಯ ಬಾಗಿಲಲ್ಲೇ ನಿಂತಿದ್ದ.

"ಕೇಳಿಸ್ತು ಅಂತ ಹೇಳು," ಎಂದ ಅಳಿಯ.

ಹೆಂಡತಿ ಎರಡನ್ನೂ ಹೇಳದೆ ಕೆಲಸಕ್ಕೆ ಹೋದಳು.

ಇನ್ನು ತಂತಿಯೇ ಗತಿ ಎಂದುಕೊಂಡು ಅವನು ಉದ್ದದ ಕೇಬಲ್ ತಂದ. ಅತ್ತೆಯ ಕೋಣೆಯಿಂದ ಅದನ್ನು ಹಿಂದಿನ ಕೋಣೆಗೆ ತರಲು ಅಲ್ಲಿನ ಗೋಡೆಯ ಮೂಲೆಯಲ್ಲಿ ಡ್ರಿಲ್ ಇಟ್ಟ. ತೂತು ಬಿತ್ತು. ತೂತಿನಿಂದ ನೀರು ಬಂತು. ಗೋಡೆಯೊಳಗೆ ಪೈಪು ಇರುವುದು ಅವನಿಗೆ ಆಗ ಗೊತ್ತಾಯಿತು.

"ಅಳಿಯಂದ್ರೇ!" ಆಚೆ ಕಡೆಯಿಂದ ಅತ್ತೆ ಕೂಗಿದರು. "ಅಡುಗೆಮನೆ ಹಿಂದೆ ವಾಲ್ವ್ ಇದೆ, ಮುಚ್ಚಿ ಬನ್ನಿ! ಬೀರು ಕೆಳಗೆ ನೀರು ಹೋಗ್ತಿದೆ!"

ಮುಚ್ಚಿ ಬರುವಷ್ಟರಲ್ಲಿ ಅತ್ತೆ ಸೆರಗು ಸಿಕ್ಕಿಸಿಕೊಂಡು ಬೀರುವಿಗೆ ಹೆಗಲು ಕೊಟ್ಟಿದ್ದರು.

"ನೀವು ಬಿಡಿ ಅತ್ತೆ."

"ಬಿಟ್ರೆ ಅದೇನು ತಾನಾಗೇ ನಡ್ಕೊಂಡು ಹೋಗುತ್ತಾ? ಆ ಕಡೆ ಹಿಡೀರಿ."

ಇಬ್ಬರೂ ತಳ್ಳಿದರು. ಬೀರು ಕಿರುಗುಟ್ಟುತ್ತ ಪಕ್ಕದ ಗೋಡೆಗೆ ಹೋಗಿ ನಿಂತಿತು. ಹಿಂದಿನ ಕೋಣೆಯ ಕಂಪ್ಯೂಟರಿನಲ್ಲಿ ತಡೆದು ನಿಂತಿದ್ದ ಸಂದೇಶಗಳೆಲ್ಲ ಟಿಣ್ ಟಿಣ್ ಎಂದು ಬರತೊಡಗಿದವು.

"ಏನದು?"

"ಸಿಗ್ನಲ್ ಬಂತು."

ಅತ್ತೆ ಮಂಚದ ಮೇಲೆ ಕೂತು ಏದುಸಿರು ಬಿಟ್ಟರು. ಅವನು ಒದ್ದೆ ನೆಲವನ್ನೇ ನೋಡುತ್ತ, "ಮಾವ ಇಟ್ಟ ಜಾಗ... ತಪ್ಪಾಯ್ತು," ಎಂದ.

"ಅವರೇನು ಯೋಚನೆ ಮಾಡಿ ಇಟ್ಟಿದ್ದಲ್ಲ. ಹೊತ್ತು ತಂದೋರು ಸುಸ್ತಾಗಿ ಅಲ್ಲೇ ಇಳಿಸಿ ಹೋದ್ರು."

"ಮತ್ತೆ ಹಾಗ್ಯಾಕೆ ಹೇಳಿದ್ರಿ?"

"ಅವರು ಹೋದ್ಮೇಲೆ ಎಲ್ಲದಕ್ಕೂ ಹಾಗೆ ಹೇಳೋದು ರೂಢಿಯಾಗ್ಬಿಟ್ಟಿದೆ."

ಅವನು ನೆಲ ಒರೆಸುವ ಬಟ್ಟೆ ತಂದ. ಒಂದು ತುದಿಯಿಂದ ಅವನು, ಇನ್ನೊಂದು ತುದಿಯಿಂದ ಅವರು ಒರೆಸಿದರು. ನಲ್ಲಿ ರಿಪೇರಿಯವನು ಬಂದು ಪೈಪಿಗೆ ತೇಪೆ ಹಾಕಿ, ಯಾರನ್ನೂ ನೋಡದೆ ನಕ್ಕು ಹೋದ.

ಸಂಜೆ ಅವನು ಕರಡು ತಿದ್ದುತ್ತಿದ್ದಾಗ ಪಕ್ಕದ ಕೋಣೆಯಲ್ಲಿ ಅತ್ತೆ ತಂಗಿಗೆ ವಿಡಿಯೋ ಕರೆ ಮಾಡಿದ್ದರು.

"ಇಗೋ, ಈ ತೂತು ನೋಡು. ನಮ್ಮ ಅಳಿಯಂದ್ರು ಕೊರೆದದ್ದು. ಒಂದೇ ಏಟಿಗೆ ಪೈಪು!" ಅತ್ತೆಯ ದನಿಯಲ್ಲಿ ಹೆಮ್ಮೆಯಂಥದ್ದೇನೋ ಇತ್ತು. "ಅಳಿಯಂದ್ರೇ, ಒಂದು ನಿಮಿಷ ಬನ್ನಿ. ಇವಳು ನಿಮ್ಮನ್ನ ನೋಡ್ಬೇಕಂತೆ."

ಅವನು ಎದ್ದು ಅಂಗಿಯ ಮೇಲಿದ್ದ ಗೋಡೆಯ ಪುಡಿ ಕೊಡವಿಕೊಂಡು ಹೋದ.