ಉಚ್ಚಂಗೆಮ್ಮನ ಸೀನು

ಬಿಳಿಚೋಡಿನ ಉಚ್ಚಂಗೆಮ್ಮನಿಗೆ ಮೂಗಿನ ವಿಷಯದಲ್ಲಿ ಬುದ್ಧಿ ಹೇಳುವವರು ಇನ್ನೂ ಹುಟ್ಟಿರಲಿಲ್ಲ. ಮೂವತ್ತು ವರ್ಷ ನಸ್ಯ ಏರಿಸಿದ ಮೂಗು ಅದು. ಚಿಟಿಕೆ ಹಿಡಿದು ಸರ್ರನೆ ಎಳೆದು, ಸೂರು ಹಾರುವಂತೆ ಎರಡು ಸಲ ಸೀನಿದರೇನೇ ಅವಳಿಗೆ ಬೆಳಗಾದಂತೆ.

ಅಂಥ ಗಟ್ಟಿಗಿತ್ತಿಯನ್ನೂ ಅರೆತಲೆನೋವು ಮಲಗಿಸಿಬಿಡುತ್ತಿತ್ತು. ಬಲಗಣ್ಣಿನ ಹಿಂದೆ ಶುರುವಾಯಿತೆಂದರೆ ಮುಗೀತು, ಕುರಿಗಳು ದೊಡ್ಡಿಯಲ್ಲೇ ಅರಚಿಕೊಳ್ಳುತ್ತಿದ್ದವು, ಇವಳು ಕಂಬಳಿ ಮುಸುಕೆಳೆದು ಬಿದ್ದಿರುತ್ತಿದ್ದಳು. ನುಂಗಿದ ಮಾತ್ರೆ ವಾಂತಿಯಲ್ಲಿ ವಾಪಸ್ಸು. ಜಗಳೂರಿನಲ್ಲಿ ಹೊಸ ಔಷಧಿಯ ಪರೀಕ್ಷೆ ನಡೆಯುತ್ತದೆ ಎಂದಾಗ ಮೊದಲು ಹೆಸರು ಬರೆಸಿದವಳು ಇವಳೇ.

ಮೂಗಿಗೆ ಬಿಟ್ಟುಕೊಳ್ಳುವ ಔಷಧಿ. ಅದನ್ನು ತಯಾರಿಸಿದ ತಂಡದಲ್ಲಿದ್ದ ನ್ಯಾಮತಿಯ ಚೈತ್ರಶ್ರೀ ಬಿಡಿಸಿ ಹೇಳಿದ್ದಳು: "ಕಣ್ಣಿಗೆ ಕಾಣದಷ್ಟು ಸಣ್ಣ ಎಣ್ಣೆಹನಿಗಳು ಔಷಧಿ ಹೊತ್ಕಂಡು ಹೋಗ್ತಾವಮ್ಮ. ಮೂಗಿನ ಮೇಲ್ಗಡೆ ವಾಸನೆ ತಿಳಿಯೋ ಜಾಗ ಐತಲ್ಲ, ಅಲ್ಲಿಂದ ಮಿದುಳಿಗೆ ಹತ್ರದ ದಾರಿ. ಹೊಟ್ಟೆ ಕಡೆ ಹೋಗಾಕೆ ಬಿಡಬಾರ್ದು. ಹೆಂಗೆ ಹಾಕ್ಕಳ್ಳಾದು ಅಂತ ತೋರಿಸ್ಲಾ?"

"ಮೂಗಿನ ಕೆಲ್ಸ ತಾನೇ? ನನಗೆ ಬಿಡವ್ವ," ಎಂದಿದ್ದಳು ಉಚ್ಚಂಗೆಮ್ಮ.

ಎರಡು ಸಲ ನೋವು ಬಂತು, ಎರಡು ಸಲವೂ ಔಷಧಿ ಹಿಡಿಯಲಿಲ್ಲ. ಮೂರನೆಯದೂ ಹಾಗೇ ಆದರೆ ಹೆಸರು ತೆಗೆಯುವುದು ಪರೀಕ್ಷೆಯ ನಿಯಮ. ಇದೇ ಪರೀಕ್ಷೆಗೆ ಸೇರಿದ್ದ ಸೊಕ್ಕೆಯ ನಾಗೇಂದ್ರಪ್ಪನಿಗೆ ಹಿಡಿದದ್ದು ತನಗೇಕೆ ಹಿಡಿಯಬಾರದು ಎಂದು ಅವಳಿಗೆ ಸಿಟ್ಟು ಬಂತು.

ಮೂರನೇ ಸಲ ಕಣ್ಣಿನ ಹಿಂದೆ ಚುಳುಕ್ಕೆಂದ ಕೂಡಲೇ ಫೋನ್ ಮಾಡಿದಳು. ಜಗಳೂರಿನಲ್ಲಿದ್ದ ಚೈತ್ರಶ್ರೀ ಸ್ಕೂಟಿಯಲ್ಲಿ ಬಂದು, ಖಾಲಿ ಶೀಶೆ ಕೈಗಿಟ್ಟಳು. "ನೋವು ಬಂದಾಗ ಹೆಂಗೆ ಹಾಕ್ಕಂತೀರೋ ಹಂಗೇ ತೋರಿಸ್ರಿ."

ಉಚ್ಚಂಗೆಮ್ಮ ತಲೆ ಹಿಂದಕ್ಕೆ ಚೆಲ್ಲಿ ಸರ್ರನೆ ಎಳೆದಳು. ಗುಟುಕ್ಕನೆ ನುಂಗಿದಳು. ಶೀಶೆಯಲ್ಲಿ ಏನೂ ಇಲ್ಲದಿದ್ದರೂ ಭರ್ಜರಿಯಾಗಿ ಸೀನಿದಳು.

ಚೈತ್ರಶ್ರೀಗೆ ನಗು ತಡೆಯಲಾಗಲಿಲ್ಲ. "ಅರ್ಧ ಔಷಧಿ ಹೊಟ್ಟೆಗೆ, ಅರ್ಧ ಗೋಡೆಗೆ. ಮಿದುಳಿಗೇನು ಉಳೀತಮ್ಮ?"

"ಸೀನದಿದ್ರೆ ಮೂಗಿಗೆ ಹತ್ತಿತು ಅಂತ ತಿಳಿಯಾದು ಹೆಂಗೆ?"

"ಇದು ನಸ್ಯ ಅಲ್ಲ. ಎಳೇ ಕೂಸಿನ ನೆತ್ತಿ ಮೂಸ್ತೀರಲ್ಲ, ಹಂಗೆ ಮೆಲ್ಲಕೆ ಉಸಿರು ತಗಳ್ರಿ, ಸಾಕು."

ಉಚ್ಚಂಗೆಮ್ಮನಿಗೆ ನಾಚಿಕೆಯಾಯಿತು. ಆವತ್ತೇ ತೋರಿಸಿಕೊಂಡಿದ್ದರೆ ಎರಡು ಸಲದ ಸಂಕಟ ತಪ್ಪುತ್ತಿತ್ತು. ಔಷಧಿಯ ಶೀಶೆ ತೆಗೆದುಕೊಂಡು, ಮೊಮ್ಮಗಳ ನೆತ್ತಿ ನೆನೆದು, ಮೆಲ್ಲಗೆ ಉಸಿರೆಳೆದಳು. ತಕ್ಷಣ ಸೀನು ನುಗ್ಗಿ ಬಂತು. ಮೂವತ್ತು ವರ್ಷದ ಅಭ್ಯಾಸ, ಸುಮ್ಮನೆ ಬಿಡುತ್ತದೆಯೇ? ಮೇಲ್ತುಟಿಯನ್ನು ಬೆರಳಿನಿಂದ ಒತ್ತಿ ಹಿಡಿದಳು, ಕಣ್ಣಲ್ಲಿ ನೀರು ಸುರಿಯಿತು, ಮುಖ ಕೆಂಪಡರಿತು. ಸೀನು ಬಂದ ದಾರಿಯಲ್ಲೇ ವಾಪಸ್ಸಾಯಿತು.

ಇಬ್ಬರೂ ಕಾಯುತ್ತಾ ಕೂತರು. ವಾಂತಿ ಬರಲಿಲ್ಲ. ಅರ್ಧ ಗಂಟೆಯಾಗಿರಬೇಕು, ದೊಡ್ಡಿಯಲ್ಲಿ ಕುರಿಯೊಂದು ಅರಚಿತು. ಯಾವಾಗಲೂ ತಲೆಗೆ ಒನಕೆಯಲ್ಲಿ ಕುಟ್ಟಿದಂತಾಗುತ್ತಿದ್ದ ಆ ದನಿ ಇವತ್ತು ಬರೀ ಕುರಿಯ ದನಿಯಾಗಿತ್ತು. ಉಚ್ಚಂಗೆಮ್ಮ ಕಂಬಳಿ ಕೊಡವಿ ಎದ್ದು ದೊಡ್ಡಿಯ ಬಾಗಿಲು ತೆಗೆದಳು.

"ಇನ್ನಷ್ಟು ಹೊತ್ತು ಕೂತ್ಕಳ್ರಿ, ನಾನು ಬರ್ಕಬೇಕು," ಎಂದಳು ಚೈತ್ರಶ್ರೀ.

"ಬರ್ಕ. ಔಷಧಿ ಹಿಡೀತು ಅಂತ ಬರ್ಕ." ಕೋಲು ಎತ್ತಿಕೊಂಡ ಉಚ್ಚಂಗೆಮ್ಮ ತಿರುಗಿ ನಿಂತಳು. "ಅದರ ಕೆಳಗೆ ಇನ್ನೊಂದು ಮಾತು ಸೇರ್ಸು. ಬಿಳಿಚೋಡಿನ ಉಚ್ಚಂಗೆಮ್ಮ ಸೀನಲಿಲ್ಲ ಅಂತ."