ಒದ್ದೆ ಗೋಣಿ

ಚಳಿ ಮುಗಿದು ಬಿಸಿಲು ಆಗಷ್ಟೇ ಚುರುಗುಟ್ಟತೊಡಗಿದ್ದ ದಿನಗಳು. ಮಂಗಳವಾರ, ಬೆಳಗಿನ ಎಂಟು ಗಂಟೆ.

“ಏಯ್ ಅರೆಗಿವಿ! ಹಗ್ಗದ ಮೇಲೆ ನಿಮ್ಮಪ್ಪನ ಪಂಚೆ ಒಣಗಾಕಿದೀಯೇನೋ, ಬೋಳಿಮಗನೆ? ತೆಗಿ ಆ ಚಿಂದೀನ!”

ಕೂಗಿದವನು ಇಂಜಿನಿಯರ್. ಚಿಂದಿ ಅಂದದ್ದು ಎರಡು ಒದ್ದೆ ಗೋಣಿಚೀಲಗಳನ್ನು. ಕೊಳವೆಬಾವಿಯೊಳಗೆ ಕಚ್ಚಿಕೊಂಡ ಪೈಪನ್ನು ಹಗ್ಗ ಸುತ್ತುವ ಯಂತ್ರ ವಿಂಚಿನಿಂದ ಎಳೆಯುವಾಗ ಉಕ್ಕಿನ ಹಗ್ಗ ಬಿಗಿದು ಗುಂಯ್‌ಗುಡುತ್ತದೆ. ಕಿತ್ತುಹೋದರೆ ಎದುರಿದ್ದವರನ್ನು ಸೀಳಿಬಿಡುತ್ತದೆ. ಒದ್ದೆ ಗೋಣಿ ಹೊದೆಸಿದ್ದರೆ ಭಾರಕ್ಕೆ ನೆಲ ಕಚ್ಚುತ್ತದೆ. ಈ ಪಾಠಕ್ಕೆ ಅರೆಗಿವಿ ತನ್ನ ಅರ್ಧ ಕಿವಿಯನ್ನೇ ಫೀಸು ಕಟ್ಟಿದ್ದ. ಶಾಲೆಯಲ್ಲಿ ಮೇಷ್ಟ್ರು ಹಿಂಡಿ ಹಿಂಡಿ ತುಂಬಲಾಗದ ಬುದ್ಧಿಯನ್ನು ಹಗ್ಗ ಒಂದೇ ಏಟಿಗೆ ತುಂಬಿತ್ತು. ಈಗ ಅರ್ಧ ಬೈಗುಳ ಹೊರಗೇ ಉಳೀತದೆ, ಲಾಭವೇ ಆಯ್ತು ಎಂದು ತಾನೇ ನಗುತ್ತಿದ್ದ.

“ಹಗ್ಗ ಸವೆದು ಎಳೆಯೆಲ್ಲ ಮೀಸೆ ಬಿಟ್ಟಿದೆ ಸಾರ್. ಎದುರಿಗೆ ನನ್ ಹೆಂಡ್ತಿ ನಿಂತಿರ್ತಾಳೆ.”

“ಹೊಸ ಹಗ್ಗ ಮುಂದಿನ ತಿಂಗಳು ನೋಡೋಣ. ಹತ್ತಕ್ಕೆ ದೊಡ್ಡ ಸಾಹೇಬ್ರು ಬರ್ತಾರೆ, ಫೋಟೋದಲ್ಲಿ ಈ ದರಿದ್ರ ಕಾಣಬಾರ್ದು.”

ಗೋಣಿಗಳು ಕೆಳಗಿಳಿದವು. ಸಾಹೇಬರ ಬೂಟಿಗೆ ಕೆಸರಾಗದಂತೆ ದಾರಿಯಲ್ಲಿ ಹಾಸಿಕೊಂಡವು. ಕೆಲಸದ ಒಂಬತ್ತೂ ಜನಕ್ಕೆ ಹೊಸ ಹೆಲ್ಮೆಟ್ ಹಂಚಿದರು. ಬೆಲೆ ಚೀಟಿ ಕೀಳುವಂತಿಲ್ಲ, ಶನಿವಾರ ಅಂಗಡಿಗೆ ವಾಪಸ್ಸು ಕೊಡಬೇಕು.

“ಹೆಂಗ್ ಕಾಣ್ತೀನೇ?” ಅಂದ ಅರೆಗಿವಿ.

“ಬೋರಲು ಹಾಕಿದ ಪಾತ್ರೆ ಇದ್ದಂಗೆ,” ಅಂದಳು ಹೆಂಡತಿ. ಮೇಲೆ ಬಂದ ಪೈಪನ್ನು ಬಾವಿಯ ಬಾಯಲ್ಲಿ ಕಬ್ಬಿಣದ ಪಟ್ಟಿ ಬಿಗಿದು ಹಿಡಿಯುವುದು ಅವಳ ಕೆಲಸ. ಹೋಗಿ ಅಲ್ಲೇ ನಿಂತಳು.

ಸಾಹೇಬರು ಗೋಣಿ ಮೆಟ್ಟಿಕೊಂಡು ಬಂದರು. ಹಿಂದೆ ಎರಡು ಕಂಬಕ್ಕೆ ದಪ್ಪ ಬಟ್ಟೆಯ ಬ್ಯಾನರ್: ‘ಕಾರ್ಮಿಕರ ಪ್ರಾಣವೇ ನಮ್ಮ ಪ್ರಾಣ’.

“ಎಳಿಯೋ!” ಅಂದ ಇಂಜಿನಿಯರ್.

ಅರೆಗಿವಿಯೇನು ಶೂರನಲ್ಲ. ಮೈಮೇಲೆ ಹಲ್ಲಿ ಬಿದ್ದರೂ ಊರು ಕೇಳುವಂತೆ ಕಿರುಚುವವನು. ಎಳೆಯೋದಿಲ್ಲ ಅನ್ನುವಷ್ಟು ಗಂಡಸುತನ ಅವನಲ್ಲಿರಲಿಲ್ಲ. ವಿಂಚಿನ ಹಿಡಿಗೆ ಕೈಯಿಟ್ಟ. ಹಗ್ಗದ ಮೀಸೆಗಳು ಕಂಡವು, ಅವುಗಳಾಚೆ ಹೆಲ್ಮೆಟ್ಟಿನ ಕೆಳಗೆ ಹೆಂಡತಿಯ ಮುಖ. ಎದ್ದ. ಬ್ಯಾನರನ್ನು ಪರ್ರನೆ ಕಿತ್ತು, ಕೆಸರು ಗುಂಡಿಯಲ್ಲಿ ಅದ್ದಿ, ಹಗ್ಗದ ಮೇಲೆ ಹೊದೆಸಿ, ಬಂದು ಕೂತ.

“ಲೇ ಲೇ, ಏನೋ ಅದು!”

ಅಷ್ಟರಲ್ಲಿ ಎಳೆಯತೊಡಗಿದ್ದ. ಒಮ್ಮೆ ಎಳೆದ. ಎರಡನೇ ಸಲಕ್ಕೆ ಪೈಪು ಅಲುಗಿತು. ಮೂರನೇ ಸಲಕ್ಕೆ ಫಟಾರ್ ಎಂದು ಹಗ್ಗ ಕಿತ್ತುಹೋಯಿತು. ಎಗರಿತು, ಬ್ಯಾನರಿನ ಭಾರಕ್ಕೆ ದೊಪ್ಪನೆ ಬಿತ್ತು. ಅವಳ ಕಾಲಿನಿಂದ ಮೊಳ ದೂರ. ಸಾಹೇಬರ ಅಂಗಿಗೆ ಕೆಸರು ರಾಚಿತು.



“ಉಳ್ಕೊಂಡಿದೀನಿ ಕಣೋ,” ಹೆಂಡತಿ ಕೂಗಿದಳು. “ನಿನ್ನ ಗ್ರಹಚಾರ!”

ಸಾಹೇಬರು ಅಂಗಿ ಒರೆಸಿಕೊಂಡರು. “ಬ್ಯಾನರ್ ಹಾಳು ಮಾಡಿದ್ಯಾರು?”

“ನಾನೇ ಸಾರ್. ಓದೋಕೆ ಬರಲ್ಲ. ಏನೋ ಕೆಲಸಕ್ಕೆ ಬರೋ ಬಟ್ಟೆ ಅಂದ್ಕೊಂಡೆ.”

ಬುಧವಾರ ಹೊಸ ಬ್ಯಾನರ್ ಬಂತು. ಹಗ್ಗ ಹಳೆಯದೇ, ಗಂಟು ಹಾಕಿದರು. ಗುರುವಾರ ಅರೆಗಿವಿಗೆ ನಾಳೆಯಿಂದ ಬರಬೇಡ ಅಂದರು. ಗಂಡ ಹೆಂಡತಿ ದಾರಿಯ ಕೆಸರಿನಿಂದ ಗೋಣಿಗಳನ್ನು ಎಬ್ಬಿಸಿ, ಕೊಡವಿ, ಹೆಗಲಿಗೆ ಹಾಕಿಕೊಂಡು ಹೊರಟರು. ಶುಕ್ರವಾರ ಉಳಿದ ಏಳೂ ಜನ ಕೆಲಸ ಬಿಟ್ಟು ಹೋದರು, ಬೆಲೆ ಚೀಟಿಯ ಹೆಲ್ಮೆಟ್ಟು ತಲೆಯ ಮೇಲಿದ್ದ ಹಾಗೆಯೇ.