ನಾಲ್ಕನೆಯ ತಂತಿ

"ತಂತಿ ಏರಸವಾ," ಎಂದರು ಏಕನಾಥ ಮಾಸ್ತರರು, ಮೂರನೆಯ ಸಲ. ಹಾರ್ಮೋನಿಯಂ ಪೇಟಿಯ ರಿಷಭವನ್ನು ಅವರ ಬೆರಳು ಒತ್ತಿಯೇ ಇತ್ತು. ಆರ್ಜೂ ಗಿಟಾರಿನ ನಾಲ್ಕನೆಯ ತಂತಿ ಮೀಟಿದಳು. ಎರಡು ಸ್ವರಗಳೂ ಕೂಡದೆ ವಂಯ್ ವಂಯ್ ಎಂದು ಅಲೆಯಾಡಿದವು. ಅವಳು ತಂತಿ ಬಿಗಿಯುವ ಬಿರಡೆ ಮುಟ್ಟಲಿಲ್ಲ.

ಧಾರವಾಡದ ಆ ಕಾಲೇಜಿನಲ್ಲಿ ಯುವಜನೋತ್ಸವದ ತಂಡಕ್ಕೆ ಆಯ್ಕೆ ನಡೆದಿತ್ತು. ಹಾಡುವವರು, ತಬಲಾದವರು ಆಗಿ ಉಳಿದದ್ದು ಒಂದೇ ಜಾಗ. ಮೂರು ವರ್ಷದಿಂದ ಆರ್ಜೂ ಕಣ್ಣಿಟ್ಟ ಜಾಗ. ಇದೇ ಕೊನೆಯ ವರ್ಷ. ಹಿಂದಿನ ದಿನ ಹೊಸ ತಂತಿ ಹಾಕಿ, ಒಂದೊಂದನ್ನೂ ಹಿಡಿದೆಳೆದು ಸಡಿಲು ತೆಗೆದಿದ್ದಳು. ತಂತಿ ಕೂರುವ ಗೆರೆಗಳಿಗೆ ಪೆನ್ಸಿಲಿನ ಪುಡಿ ಹಚ್ಚಿದ್ದಳು. ಸ್ವರ ಮೀರಿದರೆ ಅದನ್ನು ಬೇಕಾದ್ದಕ್ಕಿಂತ ಕೆಳಗಿಳಿಸಿ, ಮತ್ತೆ ಏರಿಸಿಯೇ ನಿಲ್ಲಿಸಿದ್ದಳು. ಅಷ್ಟಾದ ಮೇಲೂ ಜಾರಿದರೆ ಅದು ತಂತಿಯೇ ಅಲ್ಲ.

ಗಿಟಾರೆಂದರೆ ಹೀಗೇ, ಶ್ರುತಿಯಲ್ಲಿ ನಿಲ್ಲುವ ಜಾತಿಯಲ್ಲ ಎಂದು ಮಾಸ್ತರರು ಉಳಿದವರ ಕಡೆ ನೋಡಿ ನಕ್ಕರು. ಉಳಿದವರೂ ನಕ್ಕರು. ಮಾಸ್ತರರ ಪೇಟಿಗೆ ತಪ್ಪು ಹಚ್ಚುವವರು ಧಾರವಾಡದಲ್ಲಿ ಇನ್ನೂ ಹುಟ್ಟಿರಲಿಲ್ಲ.

"ಸರ್, ಪೇಟಿ ರಿಷಭ ಕೂದಲೆಳಿಯಷ್ಟು ಏರೈತ್ರಿ," ಎಂದಳು ಆರ್ಜೂ. "ಪಂಚಮದ ಜೋಡಿ ಒತ್ತಿ ನೋಡ್ರಿ."

ಮಾಸ್ತರರು ಒತ್ತಲಿಲ್ಲ. ಒತ್ತದೆಯೇ ಅವರ ಕಿವಿಗೆ ಗೊತ್ತಾಗಿತ್ತೋ ಏನೋ. "ಹೋದ ತಿಂಗಳ ಇದಕ್ಕ ಸ್ವರ ಕೂಡಿಸಿದಾಂವ ನಿಮ್ಮಪ್ಪ. ಗೊತ್ತದ ಇಲ್ಲೋ?"

ಗೊತ್ತಿತ್ತು. ಅದೇ ಅವಳ ಗಂಟಲ ಮುಳ್ಳು. ಬೆಂಗೇರಿಯಲ್ಲಿ ಪೇಟಿ ರಿಪೇರಿಯ ಅಂಗಡಿ ಇಟ್ಟ ಅಪ್ಪ ಗುಲಾಬಸಾಬನ ಎಡಗಿವಿ ಎರಡು ವರ್ಷದಿಂದ ಮಂದವಾಗಿತ್ತು; ಬಲಗಿವಿಗೆ ಮಾತು ಕೇಳಿದರೂ ಸ್ವರದ ಸೂಕ್ಷ್ಮ ಸಿಗುತ್ತಿರಲಿಲ್ಲ. ಅಪ್ಪ ನಮಾಜಿಗೆ ಹೋದ ಹೊತ್ತಿನಲ್ಲಿ ಆರ್ಜೂ ಪೇಟಿಗಳನ್ನು ಬಿಚ್ಚಿ, ಅವನು ಕೂಡಿಸಿದ್ದನ್ನು ತಿದ್ದಿಡುತ್ತಿದ್ದಳು. ಮಾಸ್ತರರ ಪೇಟಿ ಬಂದಾಗ ಅವಳಿಗೆ ಕಾಲೇಜಿನ ಪರೀಕ್ಷೆ. ಅದೊಂದು ಅವಳ ಕೈ ತಪ್ಪಿ ಹೋಗಿತ್ತು. ಈಗ ಸುಮ್ಮನೆ ತಂತಿ ಏರಿಸಿದರೆ ಅಪ್ಪನ ಮಾನವೂ ಉಳಿಯುತ್ತದೆ, ಜಾಗವೂ ಸಿಗುತ್ತದೆ. ಆದರೆ ಒಂದು ತಂತಿ ಸುಳ್ಳು ಹೇಳಿದರೆ ಉಳಿದ ಐದರ ಜೊತೆ ಅದರ ಸಂಸಾರ ಹೇಗೆ ನಡೆದೀತು? ಕೈ ಬಿರಡೆಗೆ ಹೋಗಲೊಲ್ಲದು.

"ಗೊತ್ತೈತ್ರಿ," ಎಂದಳು. "ತಪ್ಪು ನಮ್ಮ ಮನೀದು. ಆದ್ರ ನನ್ನ ತಂತಿ ಖರೇ ಐತಿ. ನಾ ಏರಸೂದಿಲ್ರಿ."

ಮಾಸ್ತರರ ಮುಖ ಕೆಂಪೇರಿತು. ಆಯ್ಕೆಯನ್ನು ಅಲ್ಲಿಗೇ ನಿಲ್ಲಿಸಿ, ಪೇಟಿಯನ್ನು ಕಾರಿನಲ್ಲಿಡಿಸಿ, ಅವಳನ್ನೂ ಹತ್ತಿಸಿಕೊಂಡು ಹೊರಟರು. ಗುಲಾಬಸಾಬನೇ ಹೇಳಲಿ, ಪೇಟಿ ಸರಿಯಿದ್ದರೆ ಮತ್ತೆ ತಂಡದ ಹೆಸರೆತ್ತಬೇಡ ಎಂದರು. ಕಾರು ಉಣಕಲ್ ದಾಟಿ ಬೆಂಗೇರಿಯ ಅಂಗಡಿಯೆದುರು ನಿಂತಿತು.

ಅಂಗಡಿಯಲ್ಲಿ ಅಪ್ಪ ಮಾಸ್ತರರ ದೂರನ್ನೆಲ್ಲ ಬಲಗಿವಿ ಕೊಟ್ಟು ಕೇಳಿದ. ಪಂಚಮ, ರಿಷಭ ಎರಡನ್ನೂ ಒತ್ತಿದ. ಮತ್ತೆ ಒತ್ತಿದ. ಅವನಿಗೆ ಯಾವ ಭೇದವೂ ಕೇಳುತ್ತಿಲ್ಲವೆಂದು ಆರ್ಜೂಗೆ ತಿಳಿಯಿತು. ಸರಿಯಿದೆ ಎಂದು ಅವನು ಅಂದುಬಿಟ್ಟರೆ ಮುಗಿಯಿತು. ಹಾಗೇ ಅನ್ನಲಿ, ಅವನ ಮಾನ ಉಳಿಯಲಿ ಎಂದೂ ಒಂದು ಕ್ಷಣ ಅನ್ನಿಸಿತು. ಅಪ್ಪ ತಲೆಯೆತ್ತಿ ಅವಳನ್ನು ನೋಡಿದ. ಅವಳು ಕಣ್ಣು ತಗ್ಗಿಸಲಿಲ್ಲ.

"ತಪ್ಪೈತ್ರಿ ಮಾಸ್ತರ್ರ," ಎಂದ ಅಪ್ಪ. "ನನ್ನ ಎಡಗಿವಿ ಹೋಗೇತಿ. ಎರಡ ವರ್ಷಾತು, ನಾ ಮಾಡಿದ್ದನ್ನ ಕದ್ದು ತಿದ್ದಾಕಿ ಇಕೀನ. ನನಗ ಗೊತ್ತಿಲ್ಲಂತ ತಿಳಕೊಂಡಾಳ."

ಆರ್ಜೂಳ ಕಣ್ಣು ತುಂಬಿ ಬಂತು. ಅಪ್ಪ ಲೋಹ ಉಜ್ಜುವ ಸಣ್ಣ ಅರವನ್ನು ಅವಳ ಕೈಗಿಟ್ಟ. ಮಾಸ್ತರರು ಗಾಬರಿಯಾಗಿ ಪೇಟಿಗೆ ಕೈ ಅಡ್ಡ ಹಿಡಿದರು. ಸ್ವರ ಹೊರಡಿಸುವ ಹಿತ್ತಾಳೆ ಪಟ್ಟಿಯ ಬುಡದಲ್ಲಿ ಒಂದು ಗೀರು ಹೆಚ್ಚಾದರೂ ಸ್ವರ ಪೂರ್ತಿ ಇಳಿದುಹೋದೀತು, ಹುಡುಗಿಯ ಕೈಗೆ ಕೊಡುವ ಮಾತೇ ಎಂದರು.

"ಹಂಗಾರ ಒಯ್ರಿ," ಎಂದ ಅಪ್ಪ. "ಈ ಅಂಗಡ್ಯಾಗ ಇನ್ನ ಕಿವಿ ಇಕೀದು."

ಮಾಸ್ತರರು ಒಯ್ಯಲಿಲ್ಲ. ಕುರ್ಚಿ ಎಳೆದುಕೊಂಡು ಕೂತರು. ಆರ್ಜೂ ಪೇಟಿ ಬಿಚ್ಚಿ, ರಿಷಭದ ಪಟ್ಟಿಗೆ ಎರಡೇ ಗೀರು ಕೆರೆದು, ಪುಡಿ ಊದಿ, ಪಟ್ಟಿ ಕೂರಿಸಿದಳು. ಮಾಸ್ತರರು ಪಂಚಮ, ರಿಷಭ ಕೂಡಿಸಿ ಒತ್ತಿ ಕಣ್ಣು ಮುಚ್ಚಿ ಕೇಳಿದರು. ಈಗ ಅಲೆಯಾಟವಿರಲಿಲ್ಲ. ನಾಳೆ ಹತ್ತಕ್ಕೆ ಗಿಟಾರು ತೆಗೆದುಕೊಂಡು ಬಾ ಎಂದಷ್ಟೇ ಹೇಳಿ ಎದ್ದರು.

ಅವರ ಕಾರು ಹೋಗುತ್ತಿದ್ದಂತೆ ಶಿರಗುಪ್ಪಿಯ ನೀಲಪ್ಪ ಭಜನಾ ತಂಡದ ಪೇಟಿಯನ್ನು ಹೆಗಲ ಮೇಲೆ ಹೊತ್ತು ಮೆಟ್ಟಿಲೇರಿದ. ಎಲ್ಲಿಡಲಿ ಎಂದು ಕೇಳಿದ. ಅಪ್ಪ ತಾನು ಕೂತು ಕೆಲಸ ಮಾಡುವ ಚಾಪೆ ಕೊಡವಿ ಆರ್ಜೂಳ ಮುಂದೆ ಹಾಸಿ, ಪಕ್ಕಕ್ಕೆ ಸರಿದು ನಿಂತ.